ಮಿರ್ಚಿ ಬಂಡಿಯ ದಿನಚರಿ: ಬೆಳಗಿನ 50 ನಿಮಿಷಗಳ ಲೆಕ್ಕ

ಸ್ವಉದ್ಯೋಗ ತರಬೇತಿಯಲ್ಲಿ ಈ ವಾರ ಕೊಟ್ಟ ಅಭ್ಯಾಸ: ನಿಮಗೆ ಗೊತ್ತಿರುವ ಒಂದು ಸಣ್ಣ ತಿಂಡಿ ಅಂಗಡಿಯ ಕೆಲಸಗಾರರಿಗೆ ದಿನಚರಿ ಬರೆಯಿರಿ. ನಾನು ಗಂಗಾವತಿಯಲ್ಲಿರುವ ನಮ್ಮ ಅತ್ತಿಗೆಯ ಒಗ್ಗರಣೆ (ನೆನೆಸಿದ ಮಂಡಕ್ಕಿಯ ತಿಂಡಿ)-ಮಿರ್ಚಿ ಬಂಡಿಯನ್ನು ಆರಿಸಿಕೊಂಡೆ. ಕೆಲಸಕ್ಕೆ ಇಬ್ಬರು ಅಕ್ಕಂದಿರು. ಅಕ್ಕಿ ಗಿರಣಿಯ ಹಮಾಲರು ಬೆಳಿಗ್ಗೆ ಏಳಕ್ಕೆ ಬಂದು ನಿಲ್ಲುತ್ತಾರೆ. ಅಷ್ಟರಲ್ಲಿ ಮೊದಲ ಒಬ್ಬೆ ಮಿರ್ಚಿ ಬೆಂದಿರಬೇಕು.

ಹಾಗಾದರೆ ಕೆಲಸಗಾರರು ಎಷ್ಟು ಹೊತ್ತಿಗೆ ಬರಬೇಕು? ನಾನು ಎರಡು ದಿನ ಸಿಕ್ಕಿಕೊಂಡದ್ದು ಇಲ್ಲಿ.

ನಿಂತು ಅಳೆದ ಸಮಯ ಹೀಗಿದೆ. ನೀರು ತುಂಬಿ ಬಂಡಿ ಒರೆಸಲು 15 ನಿಮಿಷ, ಮೆಣಸಿನಕಾಯಿ ತೊಳೆದು ಒರೆಸಿ ಸೀಳಲು 25, ಈರುಳ್ಳಿ ಹೆಚ್ಚಲು 20, ಕಡಲೆಹಿಟ್ಟು ಕಲಸಲು 10, ಎಣ್ಣೆ ಕಾಯಲು 10, ಮೊದಲ ಒಬ್ಬೆ ಕರಿಯಲು 10. ಒಟ್ಟು 90. ಮೊದಲು 5:30 ಎಂದು ಬರೆದೆ. ಆಮೇಲೆ, ಇಬ್ಬರಿದ್ದಾರಲ್ಲ ಎಂದು ಅರ್ಧ ಮಾಡಿ 45 ನಿಮಿಷ, ಅಂದರೆ 6:15 ಎಂದು ತಿದ್ದಿದೆ. ಎರಡೂ ತಪ್ಪು.

ಕೆಲವು ಕೆಲಸಗಳು ಇನ್ನೊಂದಕ್ಕಾಗಿ ಕಾಯುತ್ತವೆ. ನೀರಿಲ್ಲದೆ ಕಾಯಿ ತೊಳೆಯಲಾಗದು, ಕಾಯಿ ಸೀಳದೆ ಕರಿಯಲಾಗದು. ಈ ಸಾಲನ್ನು ಮಾತ್ರ ಕೂಡಿಸಿ: 15+25+10=50. ಮೊದಲನೆಯ ಅಕ್ಕ ಈ ಸಾಲನ್ನು ಹಿಡಿದರೆ, ಎರಡನೆಯವರು ಈರುಳ್ಳಿ, ಹಿಟ್ಟು, ಎಣ್ಣೆ ಮುಗಿಸುತ್ತಾರೆ: 20+10+10=40. ಎಣ್ಣೆ ಕಾದ ಹೊತ್ತಿಗೇ ಕಾಯಿ ಸಿದ್ಧ. ಆದ್ದರಿಂದ ಬರಬೇಕಾದದ್ದು 6:10ಕ್ಕೆ. ಮೂರನೆಯವರನ್ನು ಸೇರಿಸಿಕೊಂಡು ಈರುಳ್ಳಿ ಕೊಟ್ಟರೂ 50 ಇಳಿಯುವುದಿಲ್ಲ. ಉದ್ದದ ಸಾಲು ಹಾಗೆಯೇ ಉಳಿಯುತ್ತದೆ.

ಐದು ನಿಮಿಷದಲ್ಲಿ ಏನಾದೀತು ಎನ್ನಬೇಡಿ. 6:15ರ ಪಟ್ಟಿಯನ್ನು ನಂಬಿ ಅತ್ತಿಗೆ ಒಂದು ದಿನ ನಡೆಸಿದರು. ಹೊತ್ತು ಸಾಲದೆ ಕಾಯಿ ಒರೆಸುವುದನ್ನು ಬಿಟ್ಟರು. ಒದ್ದೆ ಕಾಯಿಯಿಂದ ಹಿಟ್ಟು ಜಾರಿತು, ನೀರಿನ ಹನಿ ಎಣ್ಣೆಗೆ ಬಿದ್ದು ಸಿಡಿಯಿತು, ಅಕ್ಕನ ಮುಂಗೈಯಲ್ಲಿ ಮೂರು ಬೊಬ್ಬೆ ಎದ್ದವು. ಅದನ್ನು ನೋಡಿದ ಮೇಲೆಯೇ ನಾನು ಲೆಕ್ಕವನ್ನು ಮತ್ತೆ ಹಾಕಿದ್ದು.

ಇನ್ನು ಗಡಿಯಾರಕ್ಕೆ ಕಟ್ಟಲಾಗದ ಕೆಲಸಗಳು. ಮಂಡಕ್ಕಿ ನೆನೆಸುವುದನ್ನು 6:40ಕ್ಕೆ ಬರೆದಿದ್ದೆ. ನೀರಿನಲ್ಲಿ ಅದ್ದಿ ಕೂಡಲೇ ಹಿಂಡದಿದ್ದರೆ ಮಂಡಕ್ಕಿ ಮುದ್ದೆಯಾಗುತ್ತದೆ. ಇಂಥದ್ದಕ್ಕೆ ಸಮಯದ ಬದಲು ಗುರುತು ಬರೆಯಿರಿ: "ಬೋಗುಣಿಯಲ್ಲಿ ಕಾಲು ಭಾಗ ಉಳಿದಾಗ ಮುಂದಿನದನ್ನು ಅದ್ದುವುದು." ಹಿಟ್ಟಿಗೂ ಹಾಗೆಯೇ. ನಮ್ಮ ಕಡೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ, ಕಲಸಿದ ಹಿಟ್ಟು ಬೇಗ ಹುಳಿಯುತ್ತದೆ. ಆದ್ದರಿಂದ ಸ್ವಲ್ಪ ಸ್ವಲ್ಪವಾಗಿ, ತಳ ಕಂಡಾಗ ಮಾತ್ರ ಕಲಸುವುದು.

ಕೈ ತೊಳೆಯುವುದೂ ಗುರುತಿನ ಕೆಲಸವೇ. "ಗಂಟೆಗೊಮ್ಮೆ" ಎಂದು ಬರೆದರೆ ನಡುವೆ ನೋಟು ಮುಟ್ಟಿದ ಕೈ ಮಂಡಕ್ಕಿಗೆ ಹೋಗುತ್ತದೆ. "ಹಣ ಮುಟ್ಟಿದ ನಂತರ" ಎಂದು ಬರೆಯಿರಿ. ಅದಕ್ಕಿಂತ ಒಳ್ಳೆಯದು, ಹಣದ ಡಬ್ಬಿಯನ್ನು ಒಬ್ಬರಿಗೇ ಒಪ್ಪಿಸುವುದು. ಅತ್ತಿಗೆ ಈಗ ಅದನ್ನು ತಾವೇ ನೋಡಿಕೊಳ್ಳುತ್ತಾರೆ.

ಮಿರ್ಚಿಯನ್ನು ಸುದ್ದಿಪತ್ರಿಕೆಯಲ್ಲಿ ಕಟ್ಟಿಕೊಡುವಂತಿಲ್ಲ. ಆಹಾರ ಪ್ಯಾಕೇಜಿಂಗ್‌ನ 2018ರ ನಿಯಮ ಅದನ್ನು ನಿಷೇಧಿಸಿದೆ, ಮುದ್ರಣದ ಶಾಯಿ ಬಿಸಿ ಎಣ್ಣೆಗೆ ಅಂಟುತ್ತದೆ. ಕಾಗದದ ತಟ್ಟೆ ಎಣಿಸಿ ಇಡುವುದು ಪಟ್ಟಿಯಲ್ಲಿರಲಿ.

ಮುಚ್ಚುವ ಹೊತ್ತಿನಲ್ಲಿ ಎಣ್ಣೆಯನ್ನು ನೋಡಬೇಕು. ಕರಿದ ಎಣ್ಣೆಯಲ್ಲಿ ಒಟ್ಟು ಧ್ರುವೀಯ ಸಂಯುಕ್ತಗಳು (ಎಣ್ಣೆ ಮತ್ತೆ ಮತ್ತೆ ಕಾದು ಕೆಟ್ಟಾಗ ಹೆಚ್ಚುವ ಪದಾರ್ಥಗಳು) ಶೇ 25 ಮೀರಬಾರದು ಎಂಬುದು ನಿಯಮ. ಬಂಡಿಯಲ್ಲಿ ಅಳೆಯುವ ಉಪಕರಣ ಇರುವುದಿಲ್ಲ. ಕಪ್ಪಾದರೆ, ನೊರೆ ಬಂದರೆ, ಬೇಗ ಹೊಗೆಯಾಡಿದರೆ ಮರುದಿನಕ್ಕೆ ಇಡಬಾರದು ಎಂದು ಬರೆದೆ.

ಕೊನೆಯದಾಗಿ, ರಾತ್ರಿಯೇ ಬಂಡಿ ಒರೆಸಿ, ನೀರು ತುಂಬಿ ಮುಚ್ಚಿಟ್ಟರೆ ಬೆಳಿಗ್ಗೆ 15 ನಿಮಿಷ ಉಳಿಯುತ್ತದೆ ಎಂದುಕೊಂಡೆ. ಉಳಿಯುವುದು 10 ಮಾತ್ರ. ಮೊದಲ ಸಾಲು 35ಕ್ಕೆ ಇಳಿದಾಗ ಎರಡನೆಯವರ 40 ಉದ್ದದ ಸಾಲಾಗುತ್ತದೆ. ಅದಕ್ಕೂ ಅವರು ಹಿಟ್ಟು, ಎಣ್ಣೆ ಮೊದಲು ಮುಗಿಸಿ ಈರುಳ್ಳಿಯನ್ನು ಕೊನೆಗೆ ಹೆಚ್ಚಬೇಕು, ಇಲ್ಲದಿದ್ದರೆ ಕರಿಯುವುದು ಎಣ್ಣೆಗಾಗಿ ಕಾಯುತ್ತದೆ. ಈಗ ಹಾಗೆಯೇ ಬದಲಿಸಿದ್ದೇವೆ. ಅಕ್ಕಂದಿರು 6:20ಕ್ಕೆ ಬರುತ್ತಾರೆ.