ಮುದಿಮರದ ನೆರಳು: ಸಿರಿವಂತ ದೇಶಗಳ ಬೆಳವಣಿಗೆ ನಿಲ್ಲುವುದೇಕೆ?

‘ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು’ ಎಂಬ ಗಾದೆಯನ್ನು ನಮ್ಮ ಶಿರಸಿ ಸೀಮೆಯ ಊಟದ ಪಂಕ್ತಿಗಳಲ್ಲಿ ಜಪಾನಿಗೂ ಅನ್ವಯಿಸುವವರಿದ್ದಾರೆ. ಸಿರಿ ಹೆಚ್ಚಿ ಜನ ಸೋಮಾರಿಗಳಾದರು, ಅದರಿಂದ ದೇಶ ಕುಂಟಿತು ಎಂಬುದು ಅವರ ವಾದ. ಮನೆವಾರ್ತೆಗೆ ಸರಿಹೋಗುವ ಈ ಗಾದೆ ದೇಶದ ಲೆಕ್ಕಕ್ಕೆ ಸಲ್ಲದು. ಉತ್ಪಾದಕತೆ ಅಳೆಯುವುದು ಒಂದು ಗಂಟೆಯ ದುಡಿಮೆಯಿಂದ ಹುಟ್ಟುವ ಮೌಲ್ಯವನ್ನು. 1990ರ ಸುಮಾರಿಗೆ ಜಪಾನಿನ ದುಡಿಮೆಗಾರ ವರ್ಷಕ್ಕೆ ಸರಾಸರಿ 2,000 ಗಂಟೆಯಷ್ಟು ದುಡಿಯುತ್ತಿದ್ದ. ಮುಂದಿನ ದಶಕದಲ್ಲಿ ಮುಗ್ಗರಿಸಿದ್ದು ಅದೇ ದೇಶ.

ಕಾರಣ ತಿಳಿಯಲು ಹಳೆಯ ಅಡಿಕೆ ತೋಟವೊಂದನ್ನು ಹೊಕ್ಕರೆ ಸಾಕು. ಸಸಿ ನೆಟ್ಟು ಫಸಲು ಕಾಣಲು ಐದಾರು ವರ್ಷ ಬೇಕು. ಮೇಲಿನ ಬಿಸಿಲನ್ನೂ ಬುಡದ ಗೊಬ್ಬರವನ್ನೂ ಮುದಿಮರಗಳೇ ಹೀರುತ್ತಿದ್ದರೆ ನಡುವಿನ ಸಸಿ ಬೆಳಕನ್ನರಸಿ ನೀಳವಾಗಿ ಸೊರಗುತ್ತದೆ. ಮುದಿಮರವೂ ಒಂದೆರಡು ಕೊನೆ ಬಿಡುವುದರಿಂದ ಅದನ್ನು ಕಡಿಯಲು ಯಾರಿಗೂ ಮನಸ್ಸಾಗುವುದಿಲ್ಲ.

ಟೋಕಿಯೋ ಷೇರುಪೇಟೆಯ ನಿಕ್ಕಿ ಸೂಚ್ಯಂಕ 1989ರ ಡಿಸೆಂಬರ್ 29ರಂದು 38,915ಕ್ಕೆ ಏರಿತ್ತು. ಬಳಿಕ ಷೇರಿನ ಬೆಲೆಯೂ ಜಮೀನಿನ ಬೆಲೆಯೂ ಕುಸಿದವು. ಸಾಲ ಮುಳುಗಿತೆಂದು ಒಪ್ಪಿಕೊಂಡರೆ ತಮ್ಮ ಬಂಡವಾಳವೇ ಕರಗುತ್ತದೆಂದು ಅಂಜಿದ ಬ್ಯಾಂಕುಗಳು ಸೋತ ಕಂಪನಿಗಳಿಗೇ ಮತ್ತೆ ಮತ್ತೆ ಅಗ್ಗದ ಸಾಲ ಕೊಟ್ಟವು. ಸತ್ತೂ ಸಾಯದ ಈ ‘ಜಾಂಬಿ’ ಕಂಪನಿಗಳನ್ನು ಕುರಿತು ಕ್ಯಾಬಲೆರೊ, ಹೋಶಿ, ಕಶ್ಯಪ್ ಎಂಬ ಅರ್ಥಶಾಸ್ತ್ರಜ್ಞರು 2008ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅವು ಹೆಚ್ಚಾಗಿದ್ದ ಉದ್ಯಮಗಳಲ್ಲಿ ಹೊಸ ಉದ್ಯೋಗಗಳು ಹುಟ್ಟುವುದೂ ಉತ್ಪಾದಕತೆ ಏರುವುದೂ ಕುಗ್ಗಿತ್ತು. ನುರಿತ ಕೆಲಸಗಾರರು, ಗಿರಾಕಿಗಳು, ಸಾಲದ ಹಣ ಎಲ್ಲವೂ ಹಳಬರಲ್ಲೇ ಸಿಲುಕಿದ್ದವು. ಕರಾವಳಿಯವರಿಗೆ ಇದು ಇನ್ನೂ ಸುಲಭವಾಗಿ ಅರ್ಥವಾದೀತು: ಅಳಿವೆಯ ಬಾಯಲ್ಲಿ ಮರಳು ಕಟ್ಟಿಕೊಂಡರೆ ಹೊಳೆಯಲ್ಲಿ ನೀರಿದ್ದೂ ದೋಣಿ ಕಡಲಿಗಿಳಿಯದು.

ಸಂಶೋಧನೆಯೇ ದುಬಾರಿಯಾಗುತ್ತಿದೆ ಎಂಬ ಮಾತೂ ನಿಜ. ಕಂಪ್ಯೂಟರ್ ಚಿಪ್‌ಗಳ ಸಾಮರ್ಥ್ಯವನ್ನು ಹಳೆಯ ವೇಗದಲ್ಲೇ ಹೆಚ್ಚಿಸಲು 1970ರ ದಶಕದ ಆರಂಭಕ್ಕಿಂತ ಸುಮಾರು 18 ಪಟ್ಟು ಹೆಚ್ಚು ಸಂಶೋಧಕರು ಬೇಕಾಗಿದ್ದಾರೆ. ಆದರೂ ನನ್ನನ್ನು ಹೆಚ್ಚು ಕಾಡುವುದು ಹೊಸಬರಿಗೆ ಮುಚ್ಚಿದ ಬಾಗಿಲೇ. ಹಳೆಯ ಕಾರ್ಖಾನೆ ಮುಚ್ಚಿದರೆ ಕೆಲಸ ಕಳೆದುಕೊಂಡವರು ಕಣ್ಣೆದುರು ನಿಲ್ಲುತ್ತಾರೆ, ಅವರ ನೋವೂ ನಿಜವಾದದ್ದು. ಹುಟ್ಟದೇ ಹೋದ ಕಂಪನಿಯ ಪರವಾಗಿ ಅಳುವವರು ಯಾರೂ ಇರುವುದಿಲ್ಲ.

ಇದಕ್ಕೆ ನಮ್ಮ ಕಾಳುಮೆಣಸಿನ ನಂಟಿರುವ ಹಳೆಯ ಉದಾಹರಣೆಯೊಂದಿದೆ. ಪಶ್ಚಿಮ ಕರಾವಳಿಯ ಮೆಣಸು ಈಜಿಪ್ಟಿನ ಅಲೆಕ್ಸಾಂಡ್ರಿಯಾ ದಾಟಿ ವೆನಿಸ್ ನಗರವನ್ನು ಸಿರಿವಂತವಾಗಿಸಿತ್ತು. ಬಂಡವಾಳವಿಲ್ಲದ ತರುಣನೂ ಧನಿಕನ ಹಣದಲ್ಲಿ ಹಡಗೇರಿ, ಲಾಭದ ನಾಲ್ಕನೆಯ ಒಂದು ಪಾಲು ಪಡೆದು, ಮುಂದೆ ತಾನೇ ವರ್ತಕನಾಗಬಲ್ಲ ‘ಕೊಲೆಗಾಂಝಾ’ ಎಂಬ ಒಪ್ಪಂದ ಅಲ್ಲಿ ರೂಢಿಯಲ್ಲಿತ್ತು. ಹೀಗೆ ಮೇಲೆ ಬಂದವರ ಪೈಪೋಟಿ ಹಳೆಯ ಮನೆತನಗಳಿಗೆ ಸಹ್ಯವಾಗಲಿಲ್ಲ. 1297ರಿಂದ ನಗರವನ್ನಾಳುವ ಮಹಾಸಭೆಯ ಸದಸ್ಯತ್ವ ಆಗಲೇ ಒಳಗಿದ್ದ ಮನೆತನಗಳಿಗೆ ಸೀಮಿತವಾಗತೊಡಗಿತು. ಮುಂದಿನ ದಶಕಗಳಲ್ಲಿ ಲಾಭದ ದೂರ ವ್ಯಾಪಾರವೂ ಅವರ ಕೈಸೇರಿತು. ವೆನಿಸ್ ಆಗಲೇ ಬಡವಾಗಲಿಲ್ಲ, ಇನ್ನೂ ಎರಡು ಶತಮಾನ ವೈಭವದಲ್ಲೇ ಬಾಳಿತು. ಆದರೆ 1498ರಲ್ಲಿ ಆಫ್ರಿಕಾ ಸುತ್ತಿ ಕಲ್ಲಿಕೋಟೆ ಮುಟ್ಟಿದ ಹಡಗುಗಳು ಪೋರ್ಚುಗೀಸರವು; ಮುಂದೆ ಗೇರುಸೊಪ್ಪೆಯ ಚೆನ್ನಭೈರಾದೇವಿಯೊಡನೆ ಮೆಣಸಿನ ವ್ಯವಹಾರ ನಡೆಸಿ, ಆಕೆಯನ್ನು ‘ಮೆಣಸಿನ ರಾಣಿ’ ಎಂದು ಕರೆದವರೂ ಅವರೇ.