ಹೊಲಿಗೆ ಬಿಚ್ಚಿದ ಮೇಲೂ ಯಾಕೆ ಬರಬೇಕು?

"ತೆಗದಾತಲ್ರೀ ಡಾಕ್ಟ್ರ, ಮತ್ತ್ಯಾಕ ಬರಬೇಕು?" ಚರ್ಮದ ಕ್ಯಾನ್ಸರ್ ಆಪರೇಷನ್ ಮಾಡಿಸಿಕೊಂಡವರು ಹೊಲಿಗೆ ಬಿಚ್ಚಿಸಿಕೊಂಡ ದಿನ ಹೀಗೆ ಕೇಳುತ್ತಾರೆ. ಮುಧೋಳ, ಜಮಖಂಡಿ ಕಡೆಯಿಂದ ಬಾಗಲಕೋಟೆಗೆ ಬಂದರೆ ಒಂದು ದಿನದ ಕೂಲಿ ಹೋಯಿತು. ಕೇಳುವುದು ಸರಿಯೇ.

ಉತ್ತರದ ಹೆಚ್ಚಿನ ಪಾಲು ಬಯಾಪ್ಸಿ ರಿಪೋರ್ಟಿನಲ್ಲಿದೆ. ಗಡ್ಡೆಯ ಜೊತೆ ಸುತ್ತಲಿನ ಒಳ್ಳೆ ಚರ್ಮವನ್ನೂ ನಾವು ತೆಗೆಯುತ್ತೇವೆ. ಚರ್ಮದ ಕ್ಯಾನ್ಸರಿನಲ್ಲಿ ಮುಖ್ಯವಾಗಿ ಮೂರು ಬಗೆ. ಕಡಿಮೆ ಅಪಾಯದ ಬೇಸಲ್ ಸೆಲ್ ಕ್ಯಾನ್ಸರಿಗೆ ಸುಮಾರು 4 ಮಿಲಿಮೀಟರ್, ಸ್ಕ್ವಾಮಸ್ ಸೆಲ್‌ಗೆ 4ರಿಂದ 6, ಮೆಲನೋಮಾಕ್ಕೆ ದಪ್ಪ ನೋಡಿಕೊಂಡು 1ರಿಂದ 2 ಸೆಂಟಿಮೀಟರ್. ಇದೇ ಮಾರ್ಜಿನ್. ಲ್ಯಾಬಿನಲ್ಲಿ ಆ ತುಂಡಿನ ಅಂಚಿಗೆ ಬಣ್ಣ ಹಚ್ಚಿ ಮೈಕ್ರೋಸ್ಕೋಪಿನಡಿ ನೋಡುತ್ತಾರೆ. ಕ್ಯಾನ್ಸರ್ ಕಣ ಬಣ್ಣದವರೆಗೆ ಮುಟ್ಟಿದ್ದರೆ ಒಳಗೆ ಉಳಿದಿರುವ ಸಾಧ್ಯತೆ ಜಾಸ್ತಿ. ಆಗ ಇನ್ನಷ್ಟು ತೆಗೆಯಬೇಕು, ಇಲ್ಲವೇ ರೇಡಿಯೇಷನ್ ಕೊಡಬೇಕು. ಮೇಲಿನ ಗಾಯ ಚೆಂದಾಗಿ ಮಾಯ್ದಿದೆ ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ನಮ್ಮ ಕಡೆ ಎಷ್ಟೋ ಜನ ಮಿರಜ, ಸೊಲ್ಲಾಪುರಕ್ಕೆ ಹೋಗಿ ಆಪರೇಷನ್ ಮಾಡಿಸಿರುತ್ತಾರೆ. ಬಿಲ್ಲು ಜೋಪಾನವಾಗಿರುತ್ತದೆ, ರಿಪೋರ್ಟು ಮಾತ್ರ ಸಿಗುವುದಿಲ್ಲ! ಕಳೆದಿದ್ದರೆ ಆ ಲ್ಯಾಬಿಗೇ ಹೋಗಿ ಕೇಳಿ. ಮೇಣದಲ್ಲಿಟ್ಟ ತುಂಡನ್ನು ಅವರು ಕೆಲವು ವರ್ಷ ಇಟ್ಟಿರುತ್ತಾರೆ, ಅದನ್ನು ಮತ್ತೆ ಪರೀಕ್ಷಿಸಬಹುದು.

ಮಾರ್ಜಿನ್ ಸ್ವಚ್ಛ ಇದ್ದರೂ ಕೆಲವರಿಗೆ ಮರಳಿ ಬರುತ್ತದೆ. ಕಿವಿ, ತುಟಿಯ ಮೇಲಿನದ್ದು, 2 ಸೆಂಟಿಮೀಟರಿಗಿಂತ ದೊಡ್ಡದು, ನರದ ಗುಂಟ ಹರಿದದ್ದು, ಕಿಡ್ನಿ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿ ನುಂಗುವವರದ್ದು, ಇಂಥವು ಮರಳುವುದು ಹೆಚ್ಚು. ನನಗೆ ಎಲ್ಲಕ್ಕಿಂತ ಹೆದರಿಕೆ ಸುಟ್ಟ ಕಲೆಯದ್ದು. ಸಣ್ಣವರಿದ್ದಾಗ ಒಲೆಯ ಬೆಂಕಿಗೆ ಕಾಲು ಸುಟ್ಟಿರುತ್ತದೆ. ಇಪ್ಪತ್ತು, ಮೂವತ್ತು ವರ್ಷದ ಮೇಲೆ ಅದೇ ಕಲೆಯಲ್ಲಿ ಮಾಯದ ಹುಣ್ಣು ಏಳುತ್ತದೆ. ಇದು ಮರಳುವುದೂ ಜಾಸ್ತಿ, ಹತ್ತಿರದ ದುಗ್ಧ ಗ್ರಂಥಿಗೆ ಇಳಿದು ಗಂಟಾಗುವುದೂ ಜಾಸ್ತಿ.

ಅದಕ್ಕೇ ಕಲೆ ನೋಡಿದರಷ್ಟೇ ಸಾಲದು. ಮುಖದ್ದಾದರೆ ಕಿವಿಯ ಮುಂದೆ ಮತ್ತು ಕುತ್ತಿಗೆ, ಕೈಯದ್ದಾದರೆ ಬಗಲು, ಕಾಲಿನದ್ದಾದರೆ ತೊಡೆಸಂದು ಮುಟ್ಟಿ ನೋಡಿಕೊಳ್ಳಬೇಕು. ನೋವಿಲ್ಲದ ಗಂಟು ಸಿಕ್ಕರೆ "ನೋವಿಲ್ಲಲ್ಲ" ಅಂತ ಸುಮ್ನೆ ಕೂರಬೇಡಿ. ಸ್ಕ್ವಾಮಸ್ ಸೆಲ್ ಮರಳುವುದು ಹೆಚ್ಚಾಗಿ ಮೊದಲ 2 ವರ್ಷದಲ್ಲಿ. ಆಗ 3ರಿಂದ 6 ತಿಂಗಳಿಗೊಮ್ಮೆ ತೋರಿಸಬೇಕು, ಆಮೇಲೆ ಅಂತರ ಹೆಚ್ಚಿಸಬಹುದು. ಬೇಸಲ್ ಸೆಲ್ 5 ವರ್ಷ ದಾಟಿಯೂ ಬಂದೀತು. ಬೇರೆ ಜಾಗದಲ್ಲಿ ಹೊಸದೇ ಹುಟ್ಟಲೂಬಹುದು. ಕರಿ ಮಚ್ಚೆಯ ಮೆಲನೋಮಾ ನಮ್ಮ ಜನರಲ್ಲಿ ಹೆಚ್ಚಾಗಿ ಅಂಗಾಲು, ಉಗುರಿನ ಬುಡದಲ್ಲಿ ಕಾಣುತ್ತದೆ. ಪರೀಕ್ಷೆಗೆ ಬಂದಾಗ ಚಪ್ಪಲಿ, ಸಾಕ್ಸ್ ಎಲ್ಲ ತೆಗೆಸುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಬದನೆಕಾಯಿ ತಿಂದು ನಂಜಾಯಿತು, ಅದಕ್ಕೇ ತಿರುಗಿ ಬಂತು ಅನ್ನುವವರಿದ್ದಾರೆ. ಎಣ್ಣೆಗಾಯಿಗೂ ಇದಕ್ಕೂ ಸಂಬಂಧವಿಲ್ಲ. ಕತ್ತರಿ ಮುಟ್ಟಿಸಿದ್ದಕ್ಕೇ ಹರಡಿತು ಅನ್ನುವ ಮಾತು ಮಾತ್ರ ಅಪಾಯದ್ದು. ಅದನ್ನು ನಂಬಿ ಮುಲಾಮು, ಸೊಪ್ಪಿನ ರಸ ಹಚ್ಚುತ್ತ ತಿಂಗಳುಗಟ್ಟಲೆ ಕೂತವರು ಕೊನೆಗೆ ಬರುವಾಗ ಹುಣ್ಣು ಎಲುಬಿಗೆ ಇಳಿದಿರುತ್ತದೆ. ಮರಳಿದ್ದು ಸಣ್ಣದಿರುವಾಗ ಸಿಕ್ಕರೆ ಎಷ್ಟೋ ಸಲ ಇನ್ನೊಂದು ಆಪರೇಷನ್ನಿಗೇ ಮುಗಿಯುತ್ತದೆ.