ಸಹಿ ನೋಡುವ ಮುನ್ನ ಇಸವಿ ನೋಡಿ

ಅಮೆರಿಕದಲ್ಲಿ ಹಳೇ ಪುಸ್ತಕದ ವ್ಯಾಪಾರ ಮಾಡುವವರಿಗೆ ಪದೇ ಪದೇ ಎದುರಾಗುವ ಪ್ರಶ್ನೆ ಒಂದಿದೆ. ಮನೆಯ ಅಟ್ಟದಲ್ಲೋ ಹಳೇ ಸಾಮಾನಿನ ಮಾರಾಟದಲ್ಲೋ ಹಸಿರು ಬಟ್ಟೆಯ ಬೈಂಡಿನ ಎರಡು ದಪ್ಪ ಸಂಪುಟ ಸಿಕ್ಕಿರುತ್ತವೆ. ತೆರೆದರೆ ಶುರುವಿನಲ್ಲೇ ಅಧ್ಯಕ್ಷ ಯುಲಿಸಿಸ್ ಗ್ರ್ಯಾಂಟ್ ಅವರ ಕೈಬರಹ. ಅಮೆರಿಕದ ಸೈನಿಕರಿಗೂ ನಾವಿಕರಿಗೂ ಅರ್ಪಣೆ, ಕೆಳಗೆ ಸಹಿ, ಊರು, ತಾರೀಖು. ‘ಇದಕ್ಕೆ ಎಷ್ಟು ಬರಬಹುದು?’ ಎಂದು ಫೋಟೊ ಕಳಿಸುತ್ತಾರೆ. ಹೀಗೆ ಕಳಿಸುವವರಲ್ಲಿ ನ್ಯೂಜೆರ್ಸಿಯ, ಡಲ್ಲಾಸ್‌ನ ನಮ್ಮ ಕನ್ನಡದವರೂ ಇದ್ದಾರೆ.

ಫೋಟೊದಲ್ಲಿ ನಾನು ಮೊದಲು ನೋಡುವುದು ತಾರೀಖನ್ನು. ಅಲ್ಲಿ 1885ರ ಮೇ 23 ಎಂದಿರುತ್ತದೆ. ಗ್ರ್ಯಾಂಟ್ ತೀರಿಕೊಂಡದ್ದು ಅದೇ ವರ್ಷ ಜುಲೈ 23ಕ್ಕೆ, ಗಂಟಲಿನ ಕ್ಯಾನ್ಸರಿನಿಂದ. ಅವರ ಆತ್ಮಕಥೆಯ ಮೊದಲ ಸಂಪುಟ ಅಚ್ಚಾಗಿ ಹೊರಬಂದದ್ದು ಡಿಸೆಂಬರಿನಲ್ಲಿ, ಎರಡನೆಯದು 1886ರಲ್ಲಿ. ಅಂದರೆ ತಮ್ಮ ಪುಸ್ತಕ ಪುಸ್ತಕವಾದದ್ದನ್ನು ಗ್ರ್ಯಾಂಟ್ ಕಣ್ಣಾರೆ ನೋಡಲೇ ಇಲ್ಲ. ಅವರು ಸಹಿ ಹಾಕಿದ ಪ್ರತಿ ಲೋಕದಲ್ಲಿ ಒಂದೂ ಇರಲು ಸಾಧ್ಯವಿಲ್ಲ. ಅಲ್ಲಿರುವುದು ಅವರ ಕೈಬರಹದ ಅಚ್ಚು, ಎಲ್ಲ ಪ್ರತಿಗಳಲ್ಲೂ ಇರುವಂಥದ್ದು.

ಆ ಪುಸ್ತಕ ಬಂದ ಬಗೆಯನ್ನೂ ಹೇಳಬೇಕು. 1884ರಲ್ಲಿ ಪಾಲುದಾರನ ವಂಚನೆಯಿಂದ ಗ್ರ್ಯಾಂಟ್ ದಿವಾಳಿಯಾದರು. ಹೆಂಡತಿ ಮಕ್ಕಳಿಗೆ ಏನಾದರೂ ಉಳಿಸಿ ಹೋಗಬೇಕೆಂದು, ಮಾತೂ ಆಡಲಾಗದ ಸ್ಥಿತಿಯಲ್ಲಿ ಬರೆದು ಮುಗಿಸಿದರು. ಮಾರ್ಕ್ ಟ್ವೇನ್ ತಮ್ಮದೇ ಪ್ರಕಾಶನದಿಂದ ಅದನ್ನು ಹೊರತಂದು, ಮನೆಮನೆಗೆ ಏಜೆಂಟರನ್ನು ಕಳಿಸಿ ಮುಂಗಡ ಆರ್ಡರ್ ಪಡೆದು ಮೂರು ಲಕ್ಷಕ್ಕೂ ಹೆಚ್ಚು ಜೋಡಿ ಮಾರಿದರು. ಜೂಲಿಯಾ ಗ್ರ್ಯಾಂಟ್ ಅವರಿಗೆ ಸುಮಾರು ನಾಲ್ಕೂವರೆ ಲಕ್ಷ ಡಾಲರ್ ಸಂದಿತು. ಇಷ್ಟು ಪ್ರತಿಗಳಿರುವುದರಿಂದಲೇ ಅದು ದುಬಾರಿ ಅಲ್ಲ. ಆದರೂ ಅಧ್ಯಕ್ಷರ ಪುಸ್ತಕ ಕೂಡಿಡಲು ಹೊರಟವರಿಗೆ ಮೊದಲು ಕೊಳ್ಳಿ ಎಂದು ನಾನು ಹೇಳುವುದು ಇದನ್ನೇ. ಸಹಿ ಇಲ್ಲದಿದ್ದರೆ ಏನಂತೆ, ಅಮೆರಿಕದ ಗದ್ಯದಲ್ಲಿ ಅದಕ್ಕೆ ಸಾಟಿಯಾದ ಅಧ್ಯಕ್ಷರ ಬರಹ ನಾನು ಓದಿಲ್ಲ.

ಗ್ರ್ಯಾಂಟ್ ಪುಸ್ತಕ ಕಲಿಸುವ ಪಾಠ ಮಿಕ್ಕೆಲ್ಲ ಪುಸ್ತಕಗಳಿಗೂ ಸಲ್ಲುತ್ತದೆ. ಸಹಿಯ ಚೆಂದ ನೋಡುತ್ತ ಕೂರುವ ಮುನ್ನ ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು: ಈ ಪ್ರತಿ ಅಚ್ಚಾದದ್ದು ಯಾವಾಗ, ಅಧ್ಯಕ್ಷರು ಬದುಕಿದ್ದು ಯಾವಾಗಿನವರೆಗೆ, ಸಹಿ ಹಾಕಿದ ಲೇಖನಿ ಬಳಕೆಗೆ ಬಂದದ್ದು ಯಾವಾಗ. ಜಾನ್ ಕೆನಡಿಯವರ ‘ಪ್ರೊಫೈಲ್ಸ್ ಇನ್ ಕರೇಜ್’ 1956ರ ಪುಸ್ತಕ, ಆದರೆ ರಾಬರ್ಟ್ ಕೆನಡಿ ಮುನ್ನುಡಿ ಬರೆದ ಸ್ಮಾರಕ ಆವೃತ್ತಿ 1964ರದ್ದು. ಜಾನ್ ಕೆನಡಿ ಹತ್ಯೆಯಾದದ್ದು 1963ರಲ್ಲಿ. ಫ್ರ್ಯಾಂಕ್ಲಿನ್ ರೂಸ್‌ವೆಲ್ಟ್ ತೀರಿಕೊಂಡದ್ದು 1945ರ ಏಪ್ರಿಲ್‌ನಲ್ಲಿ, ಬಾಲ್‌ಪೆನ್ ಅಮೆರಿಕದ ಅಂಗಡಿಗೆ ಬಂದದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ಬಾಲ್‌ಪೆನ್ನಿನ ರೂಸ್‌ವೆಲ್ಟ್ ಸಹಿ ಕಂಡರೆ ಪುಸ್ತಕವನ್ನು ಹಾಗೇ ಕೆಳಗಿಡಿ. ಲಿಂಕನ್ ವಿಷಯ ಇನ್ನೂ ಸ್ವಾರಸ್ಯದ್ದು. ಚುನಾವಣೆಯ ಎದುರಾಳಿ ಸ್ಟೀಫನ್ ಡಗ್ಲಸ್ ಜತೆಗಿನ ಅವರ ಚರ್ಚೆಗಳು 1860ರಲ್ಲಿ ಪುಸ್ತಕವಾದಾಗ ಪ್ರಕಾಶಕರು ಅವರಿಗೆ ನೂರು ಪ್ರತಿ ಕೊಟ್ಟರು. ಅವರು ಅವನ್ನು ಸ್ನೇಹಿತರಿಗೆ ಹಂಚಿದರು. ಇವತ್ತು ಉಳಿದಿರುವ, ಅವರೇ ಬರೆದುಕೊಟ್ಟ ಪ್ರತಿಗಳಲ್ಲಿ ಪೆನ್ಸಿಲ್ ಬರಹದವೇ ಹೆಚ್ಚು. ಶಾಯಿ ಕಂಡು ಹಿಗ್ಗುವ ಹೊಸಬರು, ಪೆನ್ಸಿಲ್ ಕಂಡು ಮೂಗು ಮುರಿಯುತ್ತಾರೆ. ಕಳೆದ ಶತಮಾನದಲ್ಲಿ ಜೋಸೆಫ್ ಕೋಸಿ ಎಂಬ ಖೋಟಾ ಸಹಿಗಾರ ಲಿಂಕನ್ ಕೈಬರಹವನ್ನು ಎಷ್ಟು ಚೆನ್ನಾಗಿ ತಿದ್ದಿದ್ದನೆಂದರೆ ಅವನ ಕೈಚಳಕದ ಕಾಗದಗಳು ಈಗಲೂ ಅಸಲಿಗಳ ನಡುವೆ ಬೆರೆತು ತಿರುಗುತ್ತಿವೆ. ಆದ್ದರಿಂದ ಲಿಂಕನ್ ಹೆಸರಿನದ್ದು ಏನೇ ಆಗಲಿ, ತಜ್ಞರ ಕೈಗೆ ಕೊಡದೆ ಕೊಳ್ಳಬೇಡಿ.

ಇಸವಿಗಳೆಲ್ಲ ಹೊಂದಿಕೆಯಾದವು ಎನ್ನಿ. ಆಮೇಲಿನ ಪ್ರಶ್ನೆ, ಬರೆದ ಕೈ ಯಾರದ್ದು. ಸೆನೆಟರ್ ಆಗಿದ್ದಾಗಿನಿಂದಲೂ ಕೆನಡಿಯವರ ಪರವಾಗಿ ಅವರ ಕಾರ್ಯದರ್ಶಿಗಳು ಸಹಿ ಹಾಕುತ್ತಿದ್ದರು. ಅದರ ಮೇಲೆ ಆಟೋಪೆನ್ ಎಂಬ ಯಂತ್ರ. ಸಹಿಯ ಅಚ್ಚನ್ನು ಯಂತ್ರದೊಳಗೆ ಕೂರಿಸಿದರೆ ಲೋಹದ ತೋಳು ನಿಜವಾದ ಪೆನ್ನು ಹಿಡಿದು, ನಿಜವಾದ ಶಾಯಿಯಲ್ಲಿ ಅದನ್ನೇ ಬರೆಯುತ್ತದೆ. ಕೆನಡಿಯವರ ಕಚೇರಿ ಇದನ್ನು ಎಷ್ಟು ಬಳಸಿತೆಂದರೆ ಸಹಿ ತಜ್ಞ ಚಾರ್ಲ್ಸ್ ಹ್ಯಾಮಿಲ್ಟನ್ 1965ರಲ್ಲಿ ಇದರ ಮೇಲೆಯೇ ಒಂದು ಪುಸ್ತಕ ಬರೆದರು. ಲಿಂಡನ್ ಜಾನ್ಸನ್ ಕಾಲದಲ್ಲೂ ಹಾಗೇ ನಡೆಯಿತು. 2011ರಲ್ಲಿ ಫ್ರಾನ್ಸಿನಲ್ಲಿದ್ದ ಬರಾಕ್ ಒಬಾಮ ವಾಷಿಂಗ್ಟನ್ನಿನ ಮಸೂದೆಯೊಂದಕ್ಕೆ ಈ ಯಂತ್ರದಿಂದಲೇ ಸಹಿ ಹಾಕಿಸಿದರು.

ಇದನ್ನು ಪತ್ತೆ ಮಾಡಲು ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ ಸಾಕು, ತಾಳ್ಮೆ ಬೇಕು. ಮನುಷ್ಯ ಸಹಿ ಹಾಕುವಾಗ ಕೈ ಕಾಗದಕ್ಕೆ ಇಳಿಯುವ ಮೊದಲೇ ಓಡಲು ಶುರು ಮಾಡಿರುತ್ತದೆ. ಹಾಗಾಗಿ ಮೊದಲ ಗೆರೆ ಸಣ್ಣಗೆ ಹುಟ್ಟಿ, ಕೆಳಕ್ಕೆ ಎಳೆಯುವಾಗ ಒತ್ತು ಬಿದ್ದು ದಪ್ಪವಾಗಿ, ಕೊನೆಯಲ್ಲಿ ತೆಳ್ಳಗೆ ಬಾಲದಂತೆ ಕರಗುತ್ತದೆ. ಯಂತ್ರ ಪೆನ್ನನ್ನು ಇಳಿಸಿ ಆಮೇಲೆ ಹೊರಡುತ್ತದೆ, ನಿಂತು ಆಮೇಲೆ ಎತ್ತುತ್ತದೆ. ಆರಂಭದಲ್ಲೂ ಕೊನೆಯಲ್ಲೂ ಶಾಯಿಯ ಸಣ್ಣ ಚುಕ್ಕೆ ಕೂತಿರುತ್ತದೆ. ಗೆರೆಯ ದಪ್ಪ ಎಲ್ಲೆಡೆ ಒಂದೇ, ತಿರುವುಗಳಲ್ಲಿ ಸಣ್ಣ ನಡುಕ. ಅನುಮಾನ ಬಂದರೆ, ಪ್ರಕಟವಾಗಿರುವ ಆಟೋಪೆನ್ ಮಾದರಿಯನ್ನು ಅದೇ ಅಳತೆಯಲ್ಲಿ ತೆಳುಹಾಳೆಯ ಮೇಲೆ ತೆಗೆದು ಸಹಿಯ ಮೇಲಿಟ್ಟು ನೋಡಿ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂತರೆ ಅದು ಯಂತ್ರದ್ದು. ಯಾವ ಮನುಷ್ಯನೂ ಎರಡು ಸಲ ಒಂದೇ ಸಹಿ ಹಾಕಲಾರ. ಅಚ್ಚಾದ ಸಹಿಯನ್ನು ಗುರುತಿಸುವುದು ಇನ್ನೂ ಸುಲಭ. ಹಾಳೆಗೆ ಪಕ್ಕದಿಂದ ಟಾರ್ಚ್ ಬಿಟ್ಟರೆ ಪೆನ್ನು ಕೊರೆದ ಗೀರು ಕಾಣುವುದಿಲ್ಲ, ಶಾಯಿಯ ಬಣ್ಣ ಹೆಚ್ಚಾಗಿ ಸುತ್ತಲ ಅಕ್ಷರಗಳ ಬಣ್ಣವೇ ಆಗಿರುತ್ತದೆ.

ಪ್ರಕಾಶಕರು ಕೊಟ್ಟ ಖಾತರಿಯೂ ಕೈಕೊಟ್ಟದ್ದುಂಟು. 2022ರಲ್ಲಿ ಗಾಯಕ ಬಾಬ್ ಡಿಲನ್ ಅವರ ಪುಸ್ತಕದ 900 ಪ್ರತಿಗಳನ್ನು ‘ಕೈಸಹಿ’ ಎಂದು ತಲಾ 599 ಡಾಲರಿಗೆ ಮಾರಲಾಯಿತು. ಕೊಂಡವರು ತಂತಮ್ಮ ಪ್ರತಿಗಳ ಫೋಟೊ ಹೋಲಿಸಿದಾಗ ಯಂತ್ರದ್ದೆಂದು ಬಯಲಾಯಿತು. ಪ್ರಕಾಶಕರು ಹಣ ಹಿಂತಿರುಗಿಸಿದರು.

ಹಾಗಾದರೆ ನಂಬಿ ಕೊಳ್ಳಬಹುದಾದದ್ದು ಇಲ್ಲವೇ? ಇದೆ. ಸಹಿಗೆಂದೇ ಒಂದು ಪುಟ ಮೀಸಲಿಟ್ಟು, ಸಂಖ್ಯೆ ಹಾಕಿ ಹೊರತಂದ ಸೀಮಿತ ಆವೃತ್ತಿಗಳು. ಥಿಯೊಡರ್ ರೂಸ್‌ವೆಲ್ಟ್ ಅವರ ಆಫ್ರಿಕಾ ಬೇಟೆಯ ಪುಸ್ತಕ 1910ರಲ್ಲಿ ಹೀಗೆ 500 ಪ್ರತಿ ಬಂತು. ಕ್ಯಾಲ್ವಿನ್ ಕೂಲಿಜ್ ಆತ್ಮಕಥೆ 1929ರಲ್ಲಿ 1,000 ಪ್ರತಿ. ಐಸೆನ್‌ಹೋವರ್ ಅವರ ‘ಕ್ರುಸೇಡ್ ಇನ್ ಯುರೋಪ್’ 1948ರಲ್ಲಿ 1,426 ಪ್ರತಿ, ಎರಡನೇ ಮಹಾಯುದ್ಧದ ನಾರ್ಮಂಡಿ ದಾಳಿಯ ದಿನದ ಆದೇಶ ಅಚ್ಚಾದ ಪುಟದ ಮೇಲೆ ಅವರ ಕೈಸಹಿ. ಈ ಕೊನೆಯದು ನನ್ನ ಮೆಚ್ಚಿನದು. ಆದೇಶ ಕೊಟ್ಟವರೇ ಆ ಆದೇಶದ ಪುಟಕ್ಕೆ ಸಹಿ ಹಾಕಿರುವಾಗ, ಪುಸ್ತಕಕ್ಕೂ ಸಹಿಗೂ ಇರುವ ನಂಟನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಇಂಥ ಆವೃತ್ತಿಯಲ್ಲಿ ಸಹಿಯ ಹಾಳೆ ಪುಸ್ತಕದ ಜತೆಗೇ ಬೈಂಡಾಗಿರುತ್ತದೆ. ಎಲ್ಲಿಂದಲೋ ಕತ್ತರಿಸಿ ತಂದು ಅಂಟಿಸಿದ ಚೀಟಿಯಲ್ಲ. ಕತ್ತರಿಸಿದ ಚೀಟಿಯ ಸಹಿ ಅಸಲಿಯೇ ಇರಬಹುದು, ಆದರೆ ಆ ಅಧ್ಯಕ್ಷರು ಆ ಪುಸ್ತಕ ಮುಟ್ಟಿಲ್ಲ. ಬೆಲೆಯಲ್ಲಿ ಆ ಅಂತರ ಕಾಣಲೇಬೇಕು.

ಇತ್ತೀಚಿನ ಅಧ್ಯಕ್ಷರಲ್ಲಿ ಜಿಮ್ಮಿ ಕಾರ್ಟರ್ ಮೂವತ್ತಕ್ಕೂ ಹೆಚ್ಚು ಪುಸ್ತಕ ಬರೆದು, ಅಂಗಡಿ ಅಂಗಡಿಗೆ ಹೋಗಿ, ಸರತಿಯಲ್ಲಿ ನಿಂತವರಿಗೆಲ್ಲ ಸಹಿ ಹಾಕಿದವರು. ವಯಸ್ಸಾದಂತೆ ಅವರ ಸಹಿ ‘ಜೆ ಕಾರ್ಟರ್’ ಎಂದು ಮೊಟಕಾಯಿತು. ಟ್ರೂಮನ್ 1955ರಲ್ಲಿ ಕ್ಯಾನ್ಸಸ್ ಸಿಟಿಯ ಹೋಟೆಲೊಂದರಲ್ಲಿ ಕೂತು ಒಂದೇ ದಿನ ತಮ್ಮ ಆತ್ಮಕಥೆಯ ಸಾವಿರಾರು ಪ್ರತಿಗೆ ಸಹಿ ಹಾಕಿದರು. ಇವರಿಬ್ಬರ ಸಹಿ ಅಪರೂಪವಲ್ಲ, ಹೊಸಬರ ಕೈಗೆಟುಕುವಂಥದ್ದು. 2024ರ ಕೊನೆಯಲ್ಲಿ ಕಾರ್ಟರ್ ತೀರಿಕೊಂಡಾಗ ಆದಂತೆ, ಸಾವಿನ ಸುದ್ದಿ ಬಂದ ವಾರ ಮಾರುವವರು ಬೆಲೆ ಏರಿಸುತ್ತಾರೆ. ಆ ವಾರ ಕೊಳ್ಳಬೇಡಿ, ಸ್ವಲ್ಪ ಕಾಲ ಕಾಯಿರಿ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಮನಸ್ಸಿಗೆ ಹತ್ತಿರವಾದದ್ದು ಅಧ್ಯಕ್ಷರು ಬರೆದ ಪುಸ್ತಕಕ್ಕಿಂತ ಅವರು ಓದಿದ ಪುಸ್ತಕ. ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನ 1789ರ ಶಾಸನಗಳ ಸಂಪುಟವೊಂದು ಜಾರ್ಜ್ ವಾಷಿಂಗ್ಟನ್ ಅವರದ್ದಾಗಿತ್ತು. ಒಳಗೆ ಸಂವಿಧಾನದ ಪಠ್ಯ. ಅಂಚಿನಲ್ಲಿ ಅವರು ಪೆನ್ಸಿಲಿನಿಂದ ಕಂಸ ಎಳೆದು ‘ಅಧ್ಯಕ್ಷ’, ‘ಅಧಿಕಾರಗಳು’, ‘ಕಡ್ಡಾಯ’ ಎಂಬರ್ಥದ ಒಂದೊಂದೇ ಪದ ಬರೆದುಕೊಂಡಿದ್ದಾರೆ. ಹಿಂದೆ ಯಾರೂ ಮಾಡಿರದ ಕೆಲಸ, ಕೇಳೋಣವೆಂದರೆ ಪೂರ್ವಾಧಿಕಾರಿ ಇಲ್ಲ. ತನ್ನ ಕೆಲಸ ಏನೆಂಬುದನ್ನು ಒಬ್ಬ ಮನುಷ್ಯ ಪುಸ್ತಕ ನೋಡಿ ಕಲಿಯುತ್ತಿರುವುದು ಆ ಅಂಚಿನಲ್ಲಿ ಕಾಣುತ್ತದೆ. 2012ರ ಹರಾಜಿನಲ್ಲಿ ಅದಕ್ಕೆ 98 ಲಕ್ಷ ಡಾಲರ್ ಬಂತು. ವಾಷಿಂಗ್ಟನ್ ಅವರ ಮನೆ ಮೌಂಟ್ ವರ್ನನ್ ಅನ್ನು ನೋಡಿಕೊಳ್ಳುವ ಮಹಿಳಾ ಸಂಘವೇ ಅದನ್ನು ಕೊಂಡು ಮನೆಗೆ ತಂದಿತು.

ಥಾಮಸ್ ಜೆಫರ್ಸನ್ ತಮ್ಮ ಪುಸ್ತಕಕ್ಕೆ ಹಾಕುತ್ತಿದ್ದ ಗುರುತನ್ನು ಹುಡುಕಲು ಮೊದಲ ಪುಟ ತೆರೆದರೆ ಪ್ರಯೋಜನವಿಲ್ಲ. ಆಗಿನ ಕಾಲದಲ್ಲಿ ದೊಡ್ಡ ಹಾಳೆ ಮಡಿಸಿ ಕಂತೆ ಮಾಡಿ ಹೊಲಿಯುತ್ತಿದ್ದರು. ಕಂತೆಗಳ ಕ್ರಮ ತಪ್ಪದಿರಲೆಂದು ಪ್ರತಿ ಕಂತೆಯ ಮೊದಲ ಪುಟದ ಕೆಳಗೆ ಎ, ಬಿ, ಸಿ ಎಂದು ಅಕ್ಷರ ಅಚ್ಚು ಹಾಕುತ್ತಿದ್ದರು. ಜೆಫರ್ಸನ್ ‘ಐ’ ಕಂತೆಯನ್ನು ಹುಡುಕಿ ಅಚ್ಚಾದ ಆ ಅಕ್ಷರದ ಎಡಕ್ಕೆ ಶಾಯಿಯಲ್ಲಿ ‘ಟಿ’ ಸೇರಿಸುತ್ತಿದ್ದರು. ಲ್ಯಾಟಿನ್‌ನಲ್ಲಿ ‘ಐ’ ಮತ್ತು ‘ಜೆ’ ಒಂದೇ, ಹಾಗಾಗಿ ಅದು ಅವರ ಹೆಸರಿನ ಮೊದಲಕ್ಷರಗಳಾದವು. ‘ಟಿ’ ಕಂತೆಯಲ್ಲಿ ಇನ್ನೊಂದು ಅಕ್ಷರವನ್ನು ಬಲಕ್ಕೆ ಸೇರಿಸುತ್ತಿದ್ದರು. 1815ರಲ್ಲಿ ಅವರು ಲೈಬ್ರರಿ ಆಫ್ ಕಾಂಗ್ರೆಸ್‌ಗೆ 6,487 ಸಂಪುಟಗಳನ್ನು 23,950 ಡಾಲರಿಗೆ ಮಾರಿದರು. 1851ರ ಬೆಂಕಿಯಲ್ಲಿ ಮೂರರಲ್ಲಿ ಎರಡು ಪಾಲು ಸುಟ್ಟುಹೋಯಿತು. ಮಾರಿದ ಮೇಲೆ ಮತ್ತೆ ಕೂಡಿಸಿಕೊಂಡ ಪುಸ್ತಕಗಳು ಅವರ ಸಾವಿನ ನಂತರ ಹರಾಜಾಗಿ ಚದುರಿದವು. ಅವುಗಳಲ್ಲಿ 74 ಸಂಪುಟಗಳು ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲೇ ಇವೆಯೆಂದು ಗೊತ್ತಾದದ್ದು 2011ರಲ್ಲಿ. 1880ರಲ್ಲಿ ದಾನವಾಗಿ ಬಂದಿದ್ದ ಅವು ಅಲ್ಲಿಯವರೆಗೆ ಯಾರ ಪುಸ್ತಕಗಳೆಂದು ಯಾರಿಗೂ ತಿಳಿದಿರಲಿಲ್ಲ. ಜೆಫರ್ಸನ್ ತೀರಿಕೊಂಡ 1826ಕ್ಕೂ ಹಿಂದಿನ ಹಳೆಯ ಇಂಗ್ಲಿಷ್, ಫ್ರೆಂಚ್, ಲ್ಯಾಟಿನ್ ಪುಸ್ತಕ ಕೈಗೆ ಬಂದರೆ ನಾನು ‘ಐ’ ಕಂತೆಯ ಕೆಳಗೆ ಕಣ್ಣಾಡಿಸದೆ ಮುಚ್ಚುವುದಿಲ್ಲ.

ಇವೆಲ್ಲ ಸಂಸ್ಥೆಗಳ ಮಟ್ಟದ ಮಾತು. ಸಂಬಳದ ಹಣದಲ್ಲಿ ಕೊಳ್ಳುವವರಿಗೆ ನಾನು ತೋರಿಸುವ ದಾರಿ ಜೀವನಚರಿತ್ರೆಕಾರರದ್ದು. ಲಿಂಕನ್ ಒಬ್ಬರ ಮೇಲೇ 15,000ಕ್ಕೂ ಹೆಚ್ಚು ಪುಸ್ತಕಗಳು ಬಂದಿವೆ. ವಾಷಿಂಗ್ಟನ್ನಿನಲ್ಲಿ, ಅವರ ಹತ್ಯೆ ನಡೆದ ಫೋರ್ಡ್ಸ್ ಥಿಯೇಟರಿನ ಎದುರಿನ ಕಟ್ಟಡದಲ್ಲಿ ಆ ಪುಸ್ತಕಗಳ ಪ್ರತಿಕೃತಿಗಳನ್ನೇ ಪೇರಿಸಿ 34 ಅಡಿ ಎತ್ತರದ ಗೋಪುರ ಕಟ್ಟಿದ್ದಾರೆ. ಜೀವನಚರಿತ್ರೆಕಾರರ ಸಹಿಯನ್ನು ಖೋಟಾ ಮಾಡುವ ಗೋಜಿಗೆ ಸಾಮಾನ್ಯವಾಗಿ ಯಾರೂ ಹೋಗುವುದಿಲ್ಲ, ಅಷ್ಟು ಲಾಭವಿಲ್ಲ. ರಾಬರ್ಟ್ ಕ್ಯಾರೊ ಅವರು ಲಿಂಡನ್ ಜಾನ್ಸನ್ ಮೇಲೆ 1982, 1990, 2002, 2012ರಲ್ಲಿ ಹೊರತಂದ ನಾಲ್ಕು ಸಂಪುಟಗಳ ಮೊದಲ ಮುದ್ರಣಗಳನ್ನು, ಸಹಿ ಸಮೇತ, ಒಂದೊಂದಾಗಿ ಹುಡುಕಿ ಜೋಡಿಸುವುದು ಹಲವು ವರ್ಷಗಳ ಸಂತೋಷ. ಡೇವಿಡ್ ಮೆಕಲಾ ಅವರ ಟ್ರೂಮನ್ ಮತ್ತು ಜಾನ್ ಆಡಮ್ಸ್ ಚರಿತ್ರೆಗಳೂ ಅಂಥವೇ, ಎರಡಕ್ಕೂ ಪುಲಿಟ್ಜರ್ ಪ್ರಶಸ್ತಿ ಸಂದಿದೆ. ಬರೀ ಸಹಿಗಿಂತ ಯಾರದೋ ಹೆಸರು ಬರೆದು ಕೊಟ್ಟ ಪ್ರತಿಯನ್ನು ನಾನು ಮೇಲೆಂದು ಎಣಿಸುತ್ತೇನೆ. ಆ ‘ಯಾರೋ’ ಕಥೆಯೊಳಗಿನ ಪಾತ್ರವೇ ಆಗಿದ್ದರೆ, ಉದಾಹರಣೆಗೆ ಜಾನ್ಸನ್ ಕಚೇರಿಯಲ್ಲಿ ಕೆಲಸ ಮಾಡಿದವರಾಗಿದ್ದರೆ, ಕೊಳ್ಳಲು ಹಿಂದೆಮುಂದೆ ನೋಡುವುದಿಲ್ಲ.

ಮೊದಲ ಮುದ್ರಣ ಹೌದೋ ಅಲ್ಲವೋ ಎಂಬುದನ್ನು ಹಕ್ಕುಸ್ವಾಮ್ಯದ ಪುಟ ಹೇಳುತ್ತದೆ. ಹಾರ್ಪರ್ ಪ್ರಕಾಶನ ಎರಡು ಅಕ್ಷರದ ಸಂಕೇತ ಹಾಕುತ್ತಿತ್ತು, ಮೊದಲನೆಯದು ತಿಂಗಳಿಗೆ, ಎರಡನೆಯದು ವರ್ಷಕ್ಕೆ. ಕೆನಡಿಯವರ ಪುಸ್ತಕದ ಮೊದಲ ಮುದ್ರಣದಲ್ಲಿ ‘ಎಂ-ಇ’ ಎಂದಿರುತ್ತದೆ, ಅಂದರೆ ಅಚ್ಚಾದದ್ದು 1955ರ ಡಿಸೆಂಬರಿನಲ್ಲಿ, ಮಾರಾಟಕ್ಕೆ ಬಂದದ್ದು 1956ರಲ್ಲಿ. ಪುಸ್ತಕದ ಕ್ಲಬ್ಬುಗಳು ಸದಸ್ಯರಿಗೆ ಕಳಿಸಿದ ಪ್ರತಿಗಳು ಮೊದಲ ಮುದ್ರಣದಂತೆಯೇ ಕಾಣುತ್ತವೆ. ಸಾಮಾನ್ಯವಾಗಿ ಅವುಗಳ ಮೇಲುಹೊದಿಕೆಯಲ್ಲಿ ಬೆಲೆ ಇರುವುದಿಲ್ಲ, ಹಿಂದಿನ ರಟ್ಟಿನ ಕೆಳಮೂಲೆಯಲ್ಲಿ ಬೆರಳು ಸವರಿದರೆ ಸಣ್ಣ ತಗ್ಗು ಸಿಗುತ್ತದೆ. ಓದಲು ಅವು ಧಾರಾಳವಾಗಿ ಸಾಕು, ಮೊದಲ ಮುದ್ರಣದ ಬೆಲೆ ಮಾತ್ರ ಕೊಡಬೇಡಿ.

ಕೊಳ್ಳುವಾಗ ‘ಅಸಲಿ’ ಎಂಬ ಪ್ರಮಾಣಪತ್ರಕ್ಕಿಂತ ಅದನ್ನು ಕೊಟ್ಟವರು ಯಾರು ಎಂಬುದು ಮುಖ್ಯ. ಮಾರುವವರೇ ಮುದ್ರಿಸಿ ಲಗತ್ತಿಸಿದ ಕಾಗದಕ್ಕೆ ಬೆಲೆ ಇಲ್ಲ. ಸಹಿ ಸುಳ್ಳೆಂದು ತೋರಿದರೆ ಹಣ ಹಿಂತಿರುಗಿಸುವುದಾಗಿ ಬಿಲ್ಲಿನಲ್ಲೇ ಬರೆದುಕೊಡುವ ವ್ಯಾಪಾರಿಯನ್ನು ಹುಡುಕಿ, ಆ ಬಿಲ್ಲನ್ನು ಜೋಪಾನ ಮಾಡಿ, ಆದರೆ ಪುಸ್ತಕದೊಳಗೆ ಇಡಬೇಡಿ. ಅಗ್ಗದ ಕಾಗದದ ಹುಳಿ ಪಕ್ಕದ ಪುಟಕ್ಕೆ ಕಂದು ಕಲೆ ಹತ್ತಿಸುತ್ತದೆ. ಊರಿಗೆ ಮರಳುವಾಗ ಸಂಗ್ರಹವನ್ನೂ ಒಯ್ಯುವ ಕನ್ನಡದವರಿಗೆ ಇನ್ನೊಂದು ಮಾತು. ಬೆಂಗಳೂರಿನ ಹವೆ ಪರವಾಗಿಲ್ಲ. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಬಟ್ಟೆಯ ಬೈಂಡಿಗೆ ವಾರದಲ್ಲೇ ಬೂಸ್ಟು ಹಿಡಿಯುತ್ತದೆ. ಗೋಡೆಗೆ ಒತ್ತಿಕೊಂಡ ಕಪಾಟು ಬೇಡ, ಗಾಳಿಯಾಡಲು ನಾಲ್ಕು ಬೆರಳು ಜಾಗ ಬಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿದರೆ ತೇವ ಒಳಗೇ ಉಳಿಯುತ್ತದೆ. ಮಳೆಗಾಲ ಮುಗಿದ ಮೇಲೆ ಪ್ರತಿಯೊಂದನ್ನೂ ಹೊರತೆಗೆದು ನೆರಳಿನಲ್ಲಿ ಪುಟ ಬಿಚ್ಚಿ ಆರಿಸಿ. ಬಿಸಿಲಿಗೆ ಇಟ್ಟರೆ ಸಹಿಯ ಶಾಯಿ ಮಾಸುತ್ತದೆ.